ಚಪ್ಪಲಿ ನೋಡಿದ ಕಣ್ಣು

ಭತ್ತದ ರಾಶಿಯ ಹಿಂದೆ ಮಾರೆಪ್ಪ ಬೋರಲಾಗಿ ಬಿದ್ದಿದ್ದ. ಮಧ್ಯಾಹ್ನದ ಊಟ ಮುಗಿಸಿ ಕಣಕ್ಕೆ ಮರಳಿದ ಗೋಪಮ್ಮ ಮೊದಲು ಕಂಡಳು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಭತ್ತ ಹರಡುವ ಹಲಗೆ. ಅದರ ಅಂಚಿಗೆ ರಕ್ತ.

ಅದು ೧೯೮೮. ಮಾನ್ವಿಯ ಹೊರಗಿನ ಒಂದು ಅಕ್ಕಿ ಗಿರಣಿ. ಮಾರೆಪ್ಪ ಅಲ್ಲಿನ ಕಾವಲುಗಾರ. ಹಿಂದಿನ ವರ್ಷ ಭತ್ತ ಕುದಿಸುವ ಬಾಯ್ಲರ್ ಒಡೆದು ಶೇಖಮ್ಮ ಎಂಬ ಕೂಲಿಯಾಳು ಸತ್ತಿದ್ದಳು. ಆ ಕೇಸಿನಲ್ಲಿ ಸಾಕ್ಷಿ ಹೇಳಲು ಮಾರೆಪ್ಪ ಸೋಮವಾರ ರಾಯಚೂರಿಗೆ ಹೋಗುವವನಿದ್ದ.

ಸಬ್ ಇನ್ಸ್‌ಪೆಕ್ಟರ್ ಕನಕಪ್ಪ ದೇವದುರ್ಗದಿಂದ ವರ್ಗವಾಗಿ ಬಂದು ವಾರವೂ ಆಗಿರಲಿಲ್ಲ. ಹಮಾಲಿ ವಲಿ ಪಾಷಾನನ್ನು ಒಳಗೆ ಹಾಕಿದ. ಬೆಳಿಗ್ಗೆ ಗೇಟಿನಲ್ಲಿ ಜಗಳವಾಡಿ, "ಸಂಜಿಯೊಳಗ ನಿನ್ನ ನೋಡ್ಕೊಂತೀನಲೇ" ಎಂದು ಮಾರೆಪ್ಪನಿಗೆ ಅವನು ಕೂಗಿದ್ದನ್ನು ಎಲ್ಲರೂ ಕೇಳಿದ್ದರು.

ಠಾಣೆಯ ಮೆಟ್ಟಿಲ ಮೇಲೆ ಅವನ ತಾಯಿ ಬಿಸ್ಮಿಲ್ಲಾ ಬೀ ಕೂತುಬಿಟ್ಟಿದ್ದಳು.

"ನನ್ನ ಮಗಂದು ಬಾಯಿ ಕೆಟ್ಟದ ಸಾಬ್, ಕೈ ಕೆಟ್ಟಿಲ್ಲ. ಒಂದು ಜೋಡು ಚಪ್ಪಲಿ ತೊಗೊಳ್ಳೋ ಅಂದ್ರ, ಮೊದ್ಲ ನಿನ್ನ ಗುಳಿಗಿ ಅಂತಾನ. ಬರಿಗಾಲಾಗ ಮೂಟೆ ಹೊತ್ತು ಅಂಗಾಲು ಒಡದಾವ."

"ಮನಿಗೆ ನಡಿಯವ್ವಾ."

"ಮನ್ಯಾಗ ಯಾರದಾರಂತ ಹೋಗ್ಲಿ?"

* * *

ಗಿರಣಿಯ ಮಾಳಿಗೆಯ ಮೇಲೆ ಒಂದು ಯಂತ್ರದ ಕಣ್ಣಿತ್ತು. ರಾಯಚೂರಿನ ಕಾಲೇಜಿನ ಮೇಷ್ಟ್ರು ಮೀರಾಹುಸೇನ, ಕಣಕ್ಕೆ ದನ ನುಗ್ಗಿದರೆ ಹಿಡಿಯುತ್ತದೋ ಎಂದು ಪರೀಕ್ಷೆಗೆ ಕೂರಿಸಿದ್ದ ಕ್ಯಾಮೆರಾ. ಎಲ್ಲಿ ನೋಡಬೇಕೆಂದು ಕಂಪ್ಯೂಟರೇ ಆರಿಸುತ್ತಿತ್ತು. ಮೋಟಾರು ಅದರ ಕತ್ತು ತಿರುಗಿಸುತ್ತಿತ್ತು. ಕಂಡದ್ದೆಲ್ಲ ಟೇಪಿಗೆ ಇಳಿಯುತ್ತಿತ್ತು.

ಟೇಪು ಹಾಕಿದರು. ಹೆಂಗಸರು ಊಟಕ್ಕೆ ಹೋದರು. ವಲಿ ಪಾಷಾ ಗೇಟು ದಾಟಿದ. ಆಮೇಲೆ ದೂರದ ರಾಶಿಯ ಬಳಿ ಒಬ್ಬ ಗಂಡಸು. ತಲೆಯ ಮೇಲೆ ಟವೆಲು, ಮುಖ ಕಾಣದು. ಕಾಲಿನಿಂದ ಭತ್ತ ಸರಿಸುತ್ತ ಹೋದ, ಬಂದ, ಮತ್ತೆ ಹೋದ. ಕ್ಯಾಮೆರಾ ಸ್ವಲ್ಪ ಹೊತ್ತು ನೋಡಿ ಅವನನ್ನು ಬಿಟ್ಟಿತು. ಕಣದ ಅಂಚಿಗೆ ಹೊರಳಿತು. ಅಲ್ಲಿ ಒಂದು ಜೊತೆ ಚಪ್ಪಲಿ. ಅದನ್ನೇ ನೋಡುತ್ತ ನಿಂತಿತು.

ಪೇದೆ ನಕ್ಕ. "ಖೂನಿ ಬಿಟ್ಟು ಕೆರ ನೋಡ್ಯಾದಲ್ರೀ ಇದು! ಚಪ್ಪಲಿ ಕದಿಯಾಕ ಬಂದಿತ್ತೇನು?"

"ಕೆಟ್ಟಿಲ್ರಿ," ಎಂದರು ಮೇಷ್ಟ್ರು, ಮುಖ ಸಣ್ಣದು ಮಾಡಿಕೊಂಡು. "ನಾನ ಹಂಗ ಮಾಡೀನಿ. ಹೊಸಾದು ಕಂಡ್ರ ಅತ್ತ ಹೊಳ್ಳತದ. ಅದ ಅದ ನಡದಿದ್ರ ಬ್ಯಾಸರಾಗಿ ಬಿಡತದ. ಇಲ್ಲಾಂದ್ರ ಭತ್ತ ತಿರುವೋ ಹೆಣ್ಮಕ್ಕಳನ್ನ ದಿನಪೂರ್ತಿ ನೋಡಕೋಂತ ನಿಂದರತಿತ್ತು."

"ಇದು ಯಾರಿಗೆ ಗೊತ್ತದ?" ಕನಕಪ್ಪ ಕೇಳಿದ.

"ಬಾಯ್ಲರ್ ಮೇಸ್ತ್ರಿ ಪರಮಣ್ಣಗ ಹೇಳಿದ್ನಿ. ಕೂರಿಸೋವಾಗ ನಿಚ್ಚಣಿಕಿ ಹಿಡದಾಂವ ಅವನ. 'ನಮ್ಮ ಮಾವನಂಗ ಅದರೀ ಇದು, ಎರಡ ಸಲ ಹೇಳಿದ್ರ ಮಾರಿ ತಿರುವ್ತದ' ಅಂತ ನಕ್ಕಿದ್ದ."

ಕನಕಪ್ಪ ನಗಲಿಲ್ಲ. ಪರದೆಗೆ ಮುಖವಿಟ್ಟು ನೋಡಿದ. ಬಲ ಚಪ್ಪಲಿಯ ಪಟ್ಟಿ ಕಪ್ಪು. ಎಡದ್ದು ಬಿಳಿ.

* * *

ಮರುದಿನ ಕನಕಪ್ಪ ಜನರಿಲ್ಲದ ಕಣದ ನಡುವೆ, ಹರಡಿದ ಭತ್ತದಲ್ಲಿ ಬರಿಗಾಲಲ್ಲಿ ನಿಂತು ಕೂಗಿದ.

"ಪರಮಣ್ಣಾ, ಇಲ್ಲಿ ಬಾರಪ್ಪಾ."

ಪರಮಣ್ಣ ಕುಂಟುತ್ತ ಬಂದ. ಬಾಯ್ಲರ್ ಒಡೆದ ದಿನ ಅವನ ಎಡಗಾಲೂ ಬೆಂದಿತ್ತು. ಕಣದ ಅಂಚಿನಲ್ಲಿ ಚಪ್ಪಲಿ ಕಳಚಿಟ್ಟು ಭತ್ತಕ್ಕೆ ಕಾಲಿಟ್ಟ. ಎಡ ಚಪ್ಪಲಿಗೆ ತೊಗಲಿನ ಪಟ್ಟಿ ಇರಲಿಲ್ಲ. ಸುಟ್ಟ ಚರ್ಮಕ್ಕೆ ಒತ್ತದಂತೆ ಬಿಳಿ ಬಟ್ಟೆ ಹೊಲಿದಿತ್ತು.

ಮೇಲೆ ಮೋಟಾರು ಗುರುಗುಟ್ಟಿತು. ಕ್ಯಾಮೆರಾ ಕತ್ತು ಬಗ್ಗಿಸಿ ಆ ಚಪ್ಪಲಿಗಳನ್ನು ನೋಡಿತು.

ಪರಮಣ್ಣ ತಲೆಯೆತ್ತಿ ಅದನ್ನು ನೋಡಿದ. ತಿರುಗಿ ಚಪ್ಪಲಿ ನೋಡಿದ. ಭತ್ತದ ಮೇಲೇ ಕೂತುಬಿಟ್ಟ.

"ಭತ್ತ ತುಳದು ತುಳದು ಅದಕ್ಕ ಬ್ಯಾಸರ ತರಿಸಿದಿ," ಎಂದ ಕನಕಪ್ಪ. "ಅದು ಮಾರಿ ತಿರುವಿದ ಮ್ಯಾಲ ಮಾರೆಪ್ಪನ್ನ ರಾಶಿ ಹಿಂದ ಕರದು ಹಲಗಿ ಎತ್ತಿದಿ. ಆದ್ರ ಬ್ಯಾಸರಾದ ಕಣ್ಣು ಹೊಸಾದನ್ನ ಹುಡುಕ್ತದ. ಎಲ್ಲಾರೂ ಊಟಕ್ಕ ಹೋದ ಮ್ಯಾಲ ಅಲ್ಲಿ ಹೊಸಾವು ನಿನ್ನ ಚಪ್ಪಲಿ. ವಲಿ ಪಾಷಾಗ ಕಳಚಾಕ ಚಪ್ಪಲಿನ ಇಲ್ಲ."

"ಬಾಯ್ಲರ್ ಸೋರಾಕತ್ತದ ಅಂತ ಶೇಖಮ್ಮ ಹೇಳಿದ್ಲು," ಎಂದ ಪರಮಣ್ಣ ಮೆಲ್ಲಗೆ. "ಬೈದು ಒಳಗ ಕಳಿಸಿದ್ನಿ. ಮಾರೆಪ್ಪ ಕೇಳಿಸ್ಕೊಂಡಿದ್ದ."

"ಚಪ್ಪಲಿ ಬಿಡದ ಹೋಗಿದ್ರ ಉಳೀತಿದ್ಯಲ್ಲೋ."

"ಉಣ್ಣೋ ಅನ್ನ ಸಾಹೇಬ್ರ. ಚಪ್ಪಲಿ ಕಾಲಿಲೆ ಹೆಂಗ ತುಳೀಲಿ?"

ಕನಕಪ್ಪ ವಲಿ ಪಾಷಾನನ್ನು ಬಿಡಲು ಪೇದೆಯನ್ನು ಠಾಣೆಗೆ ಓಡಿಸಿದ. ಮುದುಕಿ ಇನ್ನೂ ಮೆಟ್ಟಿಲ ಮೇಲೇ ಇದ್ದಿರಬೇಕು.

ಅಷ್ಟರಲ್ಲಿ ಮೇಲಿನ ಕಣ್ಣಿಗೆ ಚಪ್ಪಲಿಯೂ ಬೇಸರವಾಯಿತು. ಅದು ಗೇಟಿನ ಕಡೆ ಹೊರಳಿ, ಮಾರೆಪ್ಪನಿಲ್ಲದ ಸ್ಟೂಲನ್ನು ಬಹಳ ಹೊತ್ತು ನೋಡಿತು.