ಗಿರಣಿಗೆ ಹೋದ ಎಳೆ

"ಗೋಡೆ ಕೊರೆಯೋಕೆ ನಿಮಗೆ ಯಾರು ಹೇಳಿದ್ದು?"

ನರ್ಸಮ್ಮನ ದನಿಗೆ ಏಣಿಯ ಮೇಲಿದ್ದವನು ಡ್ರಿಲ್ ನಿಲ್ಲಿಸಿದ. ಆಗಷ್ಟೇ ಒಗೆದು ಮಡಚಿಟ್ಟಿದ್ದ ಬಿಳಿ ಬಟ್ಟೆಗಳ ಮೇಲೆಲ್ಲ ಇಟ್ಟಿಗೆಯ ಪುಡಿ!

"ಇಂಟರ್ನೆಟ್ ಕೇಬಲ್ ಒಳಗೆ ಬರಬೇಕಲ್ಲ ಮೇಡಂ. ತೂತಿಲ್ಲದೆ ಹೇಗೆ ಬರುತ್ತೆ?"

"ಮುಂಚೆ ಒಂದು ಮಾತು ಕೇಳೋಕೆ ಬಾಯಿಲ್ವಾ?"

"ಇದೆ. ನೀವು ಬೈತೀರಿ ಅಂತ ಊರವರೆಲ್ಲ ಮೊದಲೇ ಹೆದರಿಸಿದ್ರು."

ಉಕ್ಕಿ ಬಂದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು. ಅವನು ಇಳಿದು ಬಂದು ಅಷ್ಟೂ ಬಟ್ಟೆಯನ್ನು ಮತ್ತೆ ಒಗೆದುಕೊಟ್ಟ. ಕೋಪ ಮಾಡಿಕೊಂಡಿರಲು ಅವಳಿಗೆ ಕಾರಣವೇ ಉಳಿಯಲಿಲ್ಲ.

ಊರಿನ ಆ ಪುಟ್ಟ ಆರೋಗ್ಯ ಕೇಂದ್ರಕ್ಕೆ ಅವಳೊಬ್ಬಳೇ ದಿಕ್ಕು. ಡಾಕ್ಟರಮ್ಮ ಇರುವುದು ಪಟ್ಟಣದಲ್ಲಿ. ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕು, ಹೋಗಬೇಕೆಂದರೆ ಜೀವ ಬಾಯಿಗೆ ಬರುವಂಥ ರಸ್ತೆ. ಅವಳ ಅತ್ತಿಗೆ ತನ್ನ ಮೊದಲ ಮಗುವನ್ನು ಕಳೆದುಕೊಂಡದ್ದು ಅದೇ ರಸ್ತೆಯಲ್ಲಿ. ಈಗ ಮತ್ತೆ ಬಸುರಿ, ಜೊತೆಗೆ ಏರುತ್ತಿರುವ ಬಿಪಿ.

"ಸುಮ್ಮಸುಮ್ಮನೆ ಆ ರಸ್ತೇಲಿ ಅಲೆದಾಡಿಸಬೇಡಿ," ಎಂದಿದ್ದರು ಡಾಕ್ಟರಮ್ಮ. "ಲೈನ್ ಬರಲಿ. ಪರದೆ ಮೇಲೆ ನಾನೇ ನೋಡಿ, ಯಾವಾಗ ಕರ್ಕೊಂಡು ಬರಬೇಕು ಅಂತ ಹೇಳ್ತೀನಿ."

ಅದಕ್ಕೇ ಅವನು ಕಂಡಾಗಲೆಲ್ಲ ಅವಳದು ಒಂದೇ ಪ್ರಶ್ನೆ. "ಎಲ್ಲಿಗೆ ಬಂತು?"

"ಸೇತುವೆ ದಾಟಿತು ಮೇಡಂ." ಇನ್ನೊಂದು ದಿನ, "ಶಾಲೆ ದಾಟಿತು."

ಬರಬರುತ್ತಾ ಅವಳು ಕಾಯುತ್ತಿದ್ದದ್ದು ಕೇಬಲ್ಲನ್ನೋ, ಅವನನ್ನೋ... ಅವಳಿಗೇ ತಿಳಿಯದಾಯಿತು. ಆದರೆ ಅತ್ತಿಗೆಗೆ ತಿಳಿದುಹೋಗಿತ್ತು.

"ಕೇಬಲ್ ಬರುತ್ತೋ ಇಲ್ವೋ, ಕೇಬಲ್ ರಾಯ ಮಾತ್ರ ತಪ್ಪದೆ ಬರ್ತಾನೆ," ಎಂದು ಟೀ ಲೋಟ ಅವನ ಮುಂದಿಡುತ್ತಲೇ ಕಾಲೆಳೆಯುತ್ತಿದ್ದಳು.

ಕೊನೆಗೂ ಕೇಬಲ್ ಕೇಂದ್ರದೊಳಗೆ ಬಂತು. ಅವನು ಗೋಡೆಗೆ ಡಬ್ಬಿ ಕೂರಿಸಿದ. ಆದರೆ ಅದರ ದೀಪ ಹೊತ್ತಲೇ ಇಲ್ಲ! ಸಂಜೆಯಾಗುವಷ್ಟರಲ್ಲಿ ಸುದ್ದಿ ಬಂತು: ಗಿರಣಿ ಧಣಿಯ ಕೋಣೆಯಲ್ಲಿ ಇಂಟರ್ನೆಟ್ ಬಂದಿದೆಯಂತೆ, ಕೂತು ಕ್ರಿಕೆಟ್ ನೋಡುತ್ತಿದ್ದಾರಂತೆ. ಗಿರಣಿಗೆ ಕೇಬಲ್ ಎಳೆದಿದ್ದರೂ, ಸಂಪರ್ಕ ಕೊಡುವ ಸರದಿ ಬರುವ ವರ್ಷ ಎಂದು ಊರಿಗೆಲ್ಲ ಗೊತ್ತಿತ್ತು.

"ಧಣಿ ಕೈ ಬೆಚ್ಚಗೆ ಮಾಡಿರಬೇಕು," ಎಂದಳು ಪಕ್ಕದ ಮನೆಯಾಕೆ.

ಹಾಗಾದರೆ ಆ ನಗು, ಆ ಮಾತು... ಎಲ್ಲ ಸುಳ್ಳೇ? ಒಳಗಿನ ಕೋಣೆಯಲ್ಲಿ ಅತ್ತಿಗೆ ಊದಿದ ಕಾಲು ಚಾಚಿಕೊಂಡು, ತಲೆ ಸಿಡಿಯುತ್ತಿದೆ ಎಂದು ನರಳುತ್ತಿದ್ದಳು.

ಬೆಳಗಾಗುತ್ತಲೇ ನರ್ಸಮ್ಮ ಗಿರಣಿ ರಸ್ತೆಗೆ ಹೋದಳು. ರಸ್ತೆ ಬದಿಯ ಪೆಟ್ಟಿಗೆ ತೆರೆದುಕೊಂಡು, ಕೇಬಲ್ಲಿನೊಳಗಿನ ಕೂದಲಿನಷ್ಟು ಸಣ್ಣ ಬಣ್ಣದ ಎಳೆಗಳನ್ನು ಮುಂದೆ ಹರಡಿಕೊಂಡು ಅವನು ಸುಮ್ಮನೆ ಕೂತಿದ್ದ.

"ಎಷ್ಟಕ್ಕೆ ಮಾರಿದ್ರಿ?"

"ಏನನ್ನ?"

"ನಮ್ಮ ಲೈನನ್ನ. ಅಲ್ಲಿ ಅತ್ತಿಗೆ ನರಳ್ತಿದ್ದಾರೆ. ಅವರ ಕೈಯಿಂದಲೇ ದಿನಾ ಟೀ ಕುಡಿದಿದ್ದೀರಿ ನೀವು."

ಅವನ ಮುಖ ಬಿಳಿಚಿಕೊಂಡಿತು. ಅವನು ಎರಡು ಎಳೆ ಎತ್ತಿ ಹಿಡಿದ.

"ಇದರಲ್ಲಿ ಹಸಿರು ಯಾವುದು ಹೇಳಿ."

"ತಮಾಷೆ ಮಾಡ್ತಿದ್ದೀರಾ?"

"ಇಲ್ಲ. ನನಗೆ ಎರಡೂ ಒಂದೇ ಥರ ಕಾಣುತ್ತೆ."

ಅವಳು ಬಗ್ಗಿ ನೋಡಿದಳು. ಒಂದು ಹಸಿರು, ಇನ್ನೊಂದು ಕಂದು. ಎಳೆಮಕ್ಕಳೂ ಹೇಳಬಹುದಾದದ್ದು.

"ನನ್ನ ಸೋದರಮಾವನೂ ನಾನೂ ಜೋಡಿಯಾಗಿ ಕೆಲಸ ಮಾಡ್ತಿದ್ವಿ," ಎಂದ ಅವನು ತಲೆ ತಗ್ಗಿಸಿ. "ಅವರು ಬಣ್ಣ ಹೇಳೋರು, ನಾನು ಜೋಡಿಸೋನು. ನನ್ನ ಕಣ್ಣಿನ ವಿಷಯ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಈ ವರ್ಷ ಅವರು ಸೊಂಟ ಮುರ್ಕೊಂಡು ಮಲಗಿದ್ರು. ಆಫೀಸಿನವರು ನನ್ನೊಬ್ಬನನ್ನೇ ಕಳಿಸಿದ್ರು. ಅಂದಾಜಿನ ಮೇಲೆ ಜೋಡಿಸಿದೆ. ನಿಮಗೆ ಬರಬೇಕಾದ ಹಸಿರನ್ನ ಗಿರಣಿಗೆ ಹೋಗೋ ಕಂದು ಎಳೆಗೆ ಹಾಕಿಬಿಟ್ಟಿದ್ದೀನಿ. ಈ ಸಲನೂ ತಪ್ಪಿದ್ರೆ ಅಂತ ಕೈಯೇ ಏಳ್ತಿಲ್ಲ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಕೆಲಸ ಹೋಗುತ್ತೆ ಅನ್ನೋ ಭಯ. ನಿಮ್ಮ ಕಣ್ಣಲ್ಲಿ ಸಣ್ಣವನಾಗ್ತೀನಿ ಅನ್ನೋ ಭಯ ಅದಕ್ಕಿಂತ ಜಾಸ್ತಿ."

ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ತಾನಾಡಿದ ಮಾತಿನ ನಾಚಿಕೆಯೂ ಅದರ ಜೊತೆ ಸೇರಿಕೊಂಡಿತು. ಆದರೆ ಈಗ ಎರಡಕ್ಕೂ ಹೊತ್ತಿರಲಿಲ್ಲ. ಅವಳು ಮಣ್ಣಿನ ಮೇಲೇ ಕೂತಳು.

"ಇದು ಹಸಿರು. ಆ ಕಡೆ ನಿಮ್ಮ ಬೆರಳಿನ ಕೆಳಗಿರೋದು ಕಂದು, ಅದನ್ನ ಬಿಡಿ. ಅದರ ಪಕ್ಕದ್ದು ಹಸಿರು. ಅದಕ್ಕೆ ಸೇರಿಸಿ."

"ಖಂಡಿತಾನಾ?"

"ಖಂಡಿತ. ನಾನಿದ್ದೀನಲ್ಲ."

ಅವನು ಅವಳು ತೋರಿಸಿದ ಎಳೆಯನ್ನೇ ಎತ್ತಿಕೊಂಡ. ಎಳೆಗೆ ಎಳೆ ಕೂಡಿತು, ಕೇಂದ್ರದ ಡಬ್ಬಿಯಲ್ಲಿ ದೀಪ ಹೊತ್ತಿತು.

ಪರದೆಯ ಮೇಲೆ ಮೂಡಿದ ಡಾಕ್ಟರಮ್ಮ ಅತ್ತಿಗೆಯ ಕಾಲು ನೋಡಿದರು, ಬಿಪಿ ಕೇಳಿದರು. "ಈಗಲೇ ಹೊರಡಿ. ಸಂಜೆವರೆಗೂ ಕಾಯಬೇಡಿ," ಎಂದರು. ಅಣ್ಣ ಜೀಪು ತಂದ. ದಾರಿಯುದ್ದಕ್ಕೂ ಅತ್ತಿಗೆಯ ತಲೆ ಅವಳ ತೊಡೆಯ ಮೇಲಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು, ಅಂಗೈಯಗಲದ್ದು. ಇನ್ನೊಂದು ದಿನ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ.

ಈ ಸುದ್ದಿಯನ್ನು ಮೊದಲು ಅವನಿಗೇ ಹೇಳಬೇಕೆಂದು ಅವಳು ಓಡೋಡಿ ಊರಿಗೆ ಬಂದರೆ, ಅವನೇ ಇರಲಿಲ್ಲ. ಪೆಟ್ಟಿಗೆಗೆ ಬೀಗ. ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. 'ಒಂದು ಮಾತೂ ಹೇಳದೆ ಹೋದನಲ್ಲ... ನಾನಾಡಿದ ಮಾತು ಅಷ್ಟು ಚುಚ್ಚಿತೇ?' ಊಟ ಸೇರಲಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮಗು ಮನೆಗೆ ಬಂದರೂ ಅವನ ಸುಳಿವಿಲ್ಲ.

ಒಂದು ಮಧ್ಯಾಹ್ನ ಕೇಂದ್ರದ ಬಾಗಿಲಲ್ಲಿ ಅವನು ನಿಂತಿದ್ದ. ಮೊಣಕಾಲಿನವರೆಗೆ ಕೆಸರು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಅವಳು ಬಾಗಿಲಿಗೆ ಬಂದಳು.

"ಆಫೀಸಿಗೆ. ಕಣ್ಣಿನ ವಿಷಯ ಹೇಳಿಬಿಟ್ಟೆ. ಮಾವ ಇಲ್ಲದೆ ನಾನು ಜೋಡಿಸಿದ ಊರುಗಳನ್ನೆಲ್ಲ ಮತ್ತೆ ನೋಡಿಸಬೇಕಿತ್ತು. ಎಲ್ಲೆಲ್ಲಿ ಯಾರ ಅತ್ತಿಗೆ ಕಾಯ್ತಿದ್ದಾರೋ."

"ಅವರೇನಂದ್ರು?"

"ಜೋಡಿಸೋ ಕೆಲಸ ಕಿತ್ಕೊಂಡ್ರು. ಇನ್ಮೇಲೆ ಬರೀ ಗುಂಡಿ ತೋಡೋನು ನಾನು. ಸಂಬಳವೂ ಕಡಿಮೆ." ಅವನು ಉಸಿರೆಳೆದುಕೊಂಡ. "ಇದನ್ನ ಹೇಳಿದ ಮೇಲೇ ಇನ್ನೊಂದು ಮಾತು ಹೇಳಬೇಕು ಅಂದ್ಕೊಂಡಿದ್ದೆ."

"ಯಾವ ಮಾತು?"

"ನೀವಂದ್ರೆ ನನಗೆ ಪ್ರಾಣ. ನಿಮ್ಮ ಮನೇಲಿ ಕೇಳೋ ಧೈರ್ಯ ಮಾತ್ರ ಇಲ್ಲ. ಗುಂಡಿ ತೋಡೋನಿಗೆ ಯಾರು ಹೆಣ್ಣು ಕೊಡ್ತಾರೆ?"

ಅವಳ ಕಣ್ಣು ತುಂಬಿತು. ಅಣ್ಣ ಸುಲಭಕ್ಕೆ ಒಪ್ಪುವವನಲ್ಲ. ಊರೂ ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ. ಎಲ್ಲ ಗೊತ್ತಿದ್ದೂ ಅವಳು ಮೆಟ್ಟಿಲಿಳಿದಳು.

"ಅಣ್ಣ ಕೂಗಾಡ್ತಾನೆ. ಕೂಗಾಡಲಿ. ನಾನು ಪಕ್ಕದಲ್ಲೇ ನಿಂತಿರ್ತೀನಿ, ಬಂದು ಕೇಳಿ."

"ಈ ಕೆಸರಲ್ಲಾ?"

"ಕೆಸರಲ್ಲೇ. ಇನ್ಮೇಲೆ ಮುಚ್ಚಿಡೋದು ಏನೂ ಬೇಡ."

ಅವನು ಕೈ ಒರೆಸಿಕೊಳ್ಳಲು ಹೋದ. ಅವಳು ಬಿಡಲಿಲ್ಲ. ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ಮನೆಯ ಕಡೆ ಹೊರಟಳು.