ಎಡಗಡೆ ಸೀಟಿನ ಅಣ್ಣ

ಮೂರನೇ ಸಲವೂ ಪೈಪು ಕಳಚಿಕೊಂಡಿತ್ತು.

ಶೂಜಿ ಕಾರಿನ ಬಾನೆಟ್ ಎತ್ತಿ ಪಕ್ಕಕ್ಕೆ ಸರಿದು ನಿಂತ. ಚಿಗುಸಾ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಎಂಜಿನ್ನಿನಿಂದ ಅವಳೇ ಬೆಸುಗೆ ಹಾಕಿದ ಅಲ್ಯೂಮಿನಿಯಂ ಡಬ್ಬಿಗೆ ಹೋಗಬೇಕಾದ ರಬ್ಬರ್ ಪೈಪು ಬಾಯಿ ತೆರೆದು ಜೋತುಬಿದ್ದಿತ್ತು.

"ಅಣ್ಣನಿಗೆ ಇದು ಇಷ್ಟ ಇಲ್ಲ ಅನ್ಸುತ್ತೆ, ಚಿಗುಸಾ-ಸಾನ್," ಎಂದ ಅವನು ಮೆಲ್ಲಗೆ.

ಆ ಕೆಂಪು ಎರಡು ಸೀಟಿನ ಕಾರು ಅವನ ಅಣ್ಣ ಕೆಂಜೊನದು. ಅಣ್ಣತಮ್ಮಂದಿರಿಬ್ಬರೂ ಹುಟ್ಟುವುದಕ್ಕಿಂತ ಮುಂಚಿನ ಕಾರು. ಹೋದ ವರ್ಷ ಕೆಂಜೊ ಕಾಯಿಲೆಯಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನನ್ನು ಎಡಗಡೆ ಸೀಟಿನಲ್ಲಿ ಕೂರಿಸಿಕೊಂಡು ಶೂಜಿಯೇ ಆಕಾಗಿ ಬೆಟ್ಟ ಹತ್ತಿಸುತ್ತಿದ್ದನಂತೆ. ಹಳೆಯ ಎಂಜಿನ್ ಉಸಿರುಬಿಟ್ಟಾಗಲೆಲ್ಲ ಸುಟ್ಟ ಎಣ್ಣೆಯ ವಾಸನೆ ಒಳಗೆ ತುಂಬಿಕೊಳ್ಳುತ್ತಿತ್ತು. ಕೆಂಜೊನ ಅಂಗಿಗೂ, ತಲೆಕೂದಲಿಗೂ ಜೀವನವಿಡೀ ಇದ್ದದ್ದು ಅದೇ ವಾಸನೆ. ಈಗಲೂ ಬೆಟ್ಟದ ತಿರುವಿನಲ್ಲಿ ಅದು ಮೂಗಿಗೆ ಬಡಿದರೆ ಪಕ್ಕದಲ್ಲಿ ಯಾರೋ ಮೈ ಸರಿಸಿ ಕೂತ ಹಾಗಾಗುತ್ತದೆ ಎಂದು ಶೂಜಿ ಒಮ್ಮೆ ಹೇಳಿದ್ದ. ಹೇಳುವಾಗ ನಕ್ಕಿರಲಿಲ್ಲ.

ಬರುವ ಭಾನುವಾರ ಕೆಂಜೊನ ವರ್ಷದ ಪೂಜೆ. ಅದು ಮುಗಿದ ಮೇಲೆ ಅಣ್ಣನ ಗೆಳೆಯರೆಲ್ಲ ಸೇರಿ ಅವನ ಹೆಸರಿನಲ್ಲಿ ರೇಸಿನ ಸರ್ಕ್ಯೂಟಿನಲ್ಲಿ ಒಂದು ಸುತ್ತು ಓಡಿಸುವವರಿದ್ದರು. ಎಂಜಿನ್ ಉಗುಳುವ ಎಣ್ಣೆಯನ್ನು ಹಿಡಿದಿಡುವ ಡಬ್ಬಿ ಇಲ್ಲದ ಕಾರನ್ನು ಸರ್ಕ್ಯೂಟಿನವರು ಒಳಗೇ ಬಿಡುವುದಿಲ್ಲ. ಡಬ್ಬಿ ಕೂತರೆ ವಾಸನೆ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡಿರಲಿಲ್ಲ.

ಗ್ಯಾರೇಜು ಚಿಗುಸಾಳ ಚಿಕ್ಕಪ್ಪನದು. ಮೊದಲ ದಿನ ಅವರು ಕಾರಿನ ನಾಲ್ಕೂ ಚಕ್ರಕ್ಕೆ ಚಿಟಿಕೆ ಉಪ್ಪು ಎರಚಿ, ಸತ್ತವರ ಗಾಡಿ ನನಗೆ ಬೇಡ, ನೀನೇ ನೋಡಿಕೋ ಎಂದು ಒಳಗೆ ಹೋಗಿಬಿಟ್ಟಿದ್ದರು. ಅವಳು ನೋಡಿಕೊಂಡಳು. ಕಾರನ್ನೂ, ಕಾರು ತಂದವನನ್ನೂ. ಬೆಸುಗೆಯ ಮುಖವಾಡದ ಹಿಂದಿನಿಂದ ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾರಿಗೂ ತಿಳಿಯುವುದಿಲ್ಲ. ಬಾಗಿಲು ಮುಚ್ಚುವಾಗ ಅವನು ಖಾಲಿ ಸೀಟಿಗೆ ತುಸು ತಲೆ ಬಾಗಿಸುವುದನ್ನು ಅವಳು ನೋಡಿದ್ದು ಹಾಗೆಯೇ.

ಈಗ ಅವಳು ಪೈಪನ್ನು ಬಿಗಿಹಿಡಿಯುವ ಕ್ಲಿಪ್ಪನ್ನು ಬೆಳಕಿಗೆ ಹಿಡಿದಳು. ಸ್ಕ್ರೂವಿನ ತಲೆ ಮೇಲಕ್ಕೆ ಬರುವಂತೆ ಕ್ಲಿಪ್ಪು ಹಾಕುವುದು ಅವಳ ರೂಢಿ. ಇದರ ತಲೆ ಕೆಳಗಿತ್ತು. ಸ್ಕ್ರೂವಿನ ಸೀಳಿನಲ್ಲಿ ಹೊಸ ಗೀರುಗಳಿದ್ದವು.

ಸುಮ್ಮನಿದ್ದರೆ ಅವನು ಮತ್ತೆ ಬರುತ್ತಾನೆ. ಆದರೆ ಭಾನುವಾರ ಪೈಪು ಕಳಚಿದ್ದರೆ ಕೆಂಜೊನ ಕಾರು ಗೇಟಿನ ಹೊರಗೇ ನಿಲ್ಲುತ್ತದೆ.

"ದೆವ್ವಗಳು ಸ್ಕ್ರೂಡ್ರೈವರ್ ಹಿಡಿಯಲ್ಲ, ಶೂಜಿ-ಸಾನ್," ಎಂದಳು. ಅವನ ಮುಂದೆ ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

ಅವನ ಕಿವಿ ಕೆಂಪಾಯಿತು. ನೆಲ ನೋಡುತ್ತಲೇ ಹೇಳಿದ: "ನಾನೇ ಬಿಚ್ಚಿದ್ದು. ಇವತ್ತೂ, ಹಿಂದಿನ ಸಲವೂ. ಬೆಟ್ಟದ ಮೇಲೆ ಕಾರೊಳಗೆ ಏನೂ ವಾಸನೆ ಇರ್ಲಿಲ್ಲ. ತಡ್ಕೊಳಕ್ಕೆ ಆಗ್ಲಿಲ್ಲ." ತಲೆಯೆತ್ತಿದ. "ಆದ್ರೆ ಮೊದಲನೇ ಸಲ ನಾನು ಮುಟ್ಟಿರ್ಲಿಲ್ಲ. ಆಣೆ ಮಾಡ್ತೀನಿ. ಅದು ಅಣ್ಣನೇ. ಅವನು ಬಿಚ್ಚಿದ್ದು ನೋಡೇ ನಂಗೆ ಧೈರ್ಯ ಬಂದಿದ್ದು."

ಚಿಗುಸಾಳ ಮುಖವಾಡ ಮೊಳೆಯಲ್ಲಿ ನೇತಾಡುತ್ತಿತ್ತು, ಕೈಗೆ ಎಟುಕುವಂತಿರಲಿಲ್ಲ. ನಿಜ ಹೇಳಿದರೆ ಅವನ ಅಣ್ಣ ಎರಡನೇ ಸಲ ಸತ್ತಂತೆ. ಹೇಳದಿದ್ದರೆ ಇವನು ಆ ಸೀಟಿಗೆ ತಲೆ ಬಾಗಿಸುತ್ತಲೇ ಮುದುಕನಾಗುತ್ತಾನೆ.

"ಮೊದಲನೇ ಸಲ ನಾನು ಕ್ಲಿಪ್ಪನ್ನ ಬಿಗಿ ಮಾಡಿರ್ಲಿಲ್ಲ," ಎಂದಳು.

"ಮರೆತ್ರಾ?"

"ಇಲ್ಲ. ಬಿಗಿ ಮಾಡಿದ್ರೆ ಕೆಲಸ ಮುಗೀತಿತ್ತು. ನೀವು ಮತ್ತೆ ಬರ್ತಿರ್ಲಿಲ್ಲ."

ಅವಳು ಬಗ್ಗಿ ಪೈಪು ಜೋಡಿಸಿ, ಕ್ಲಿಪ್ಪನ್ನು ತಿರುಗಿಸಿ, ಸ್ಕ್ರೂವಿನ ತಲೆ ಮೇಲೆ ಬರುವಂತೆ ಕೊನೆಯವರೆಗೂ ಬಿಗಿದಳು. ಇನ್ನು ಅವನು ಹೊರಡುತ್ತಾನೆ ಎಂದುಕೊಂಡಳು.

ಅವನು ಎಡಗಡೆಯ ಬಾಗಿಲು ತೆಗೆದ. ಎಂದಿನಂತೆ ಆ ಸೀಟಿಗೆ ತಲೆ ಬಾಗಿಸಿದ.

"ಅಣ್ಣಾ, ಸ್ವಲ್ಪ ಜರುಗು," ಎಂದ. ಆಮೇಲೆ ಅವಳತ್ತ ತಿರುಗಿ, "ಬನ್ನಿ, ಓಡಿಸಿ ನೋಡೋಣ," ಎಂದ.

ಬೆಟ್ಟದ ದಾರಿಯ ಮೇಪಲ್ ಮರಗಳು ಕೆಂಪಾಗತೊಡಗಿದ್ದವು. ಚಿಗುಸಾ ಯಾರದೋ ಮಡಿಲಲ್ಲಿ ಕೂತವಳಂತೆ ಮೈ ಮುದುಡಿಕೊಂಡಿದ್ದಳು. ತಿರುವುಗಳು ಒಂದೊಂದಾಗಿ ಹಿಂದೆ ಸರಿದವು. ವಾಸನೆ ಬರಲಿಲ್ಲ. ಬಂದದ್ದು ಒದ್ದೆ ಎಲೆಯ ವಾಸನೆ ಮಾತ್ರ. ಕೆರೆಯ ದಂಡೆಯಲ್ಲಿ ಅವನು ಕಾರು ನಿಲ್ಲಿಸಿದ, ಸ್ಟೀರಿಂಗ್ ಮಾತ್ರ ಬಿಡಲಿಲ್ಲ.

"ಅಣ್ಣ ಹೋದ," ಎಂದ.

ಅವಳು ಇಳಿದು ಬಾನೆಟ್ ತೆಗೆದಳು. ಡಬ್ಬಿಯ ತಳದ ಪುಟ್ಟ ನಲ್ಲಿಯನ್ನು ತಿರುಗಿಸಿ, ತೊಟ್ಟಿಕ್ಕಿದ ಕಂದು ಹನಿಗಳನ್ನು ಬೆರಳಿಗೆ ಹಿಡಿದು ತಂದು ಅವನ ಕಿಟಕಿಯಲ್ಲಿ ಚಾಚಿದಳು. ಶೂಜಿ ಅವಳ ಕೈಯನ್ನು ಮುಖದ ಹತ್ತಿರ ತಂದುಕೊಂಡು ಉಸಿರೆಳೆದ. ಕಣ್ಣು ಮುಚ್ಚಿದ. ಕೈ ಬಿಡಲಿಲ್ಲ.

"ಡಬ್ಬಿ ತುಂಬಿದಾಗ ಖಾಲಿ ಮಾಡ್ಬೇಕು," ಎಂದಳು ಅವಳು, ಬೆರಳನ್ನು ಹಿಂದಕ್ಕೆಳೆಯದೆ.

"ಎಷ್ಟು ದಿನಕ್ಕೆ?"

"ವಾರಕ್ಕೊಂದ್ಸಲ."

"ಗೆಳೆಯರ ಕಾರಿನ ಡಬ್ಬಿ ನೋಡಿ, ಆರು ತಿಂಗಳಿಗೊಂದ್ಸಲ ಸಾಕು ಅಂತ ಅಣ್ಣ ಹೇಳ್ತಿದ್ದ."

"ಅವರು ಹೇಳಿದ್ದೇ ಸರಿ," ಎಂದು ಒಪ್ಪಿಕೊಂಡಳು ಚಿಗುಸಾ.

ಶೂಜಿ ಬಹಳ ದಿನಗಳ ಮೇಲೆ ನಕ್ಕ. "ವಾರಕ್ಕೊಂದ್ಸಲ ಬರ್ತೀನಿ," ಎಂದ.