‘ಚಾವಿ’ ಹಾಡಿನೊಳಗಿನ ಅಳು

ತನ್ನ ಅಳು ತನಗೇ ಕೇಳಿಸಿತು ಗೀತಾಳಿಗೆ…!

ಚಹಾ ಸೋಸುತ್ತಿದ್ದ ಕೈ ಅಲ್ಲೇ ನಿಂತಿತು. ಪಡಸಾಲೆಯಲ್ಲಿ, ಹಾಡು ಕಟ್ಟಿ ಹಾಡುವ ಮೈದುನ ವಿನೋದನ ಸ್ಪೀಕರಿನಿಂದ ಗಿಟಾರಿನ ಗರಗರ ಸದ್ದು, ಅದರ ಮೇಲೆ ಡ್ರಮ್ಮಿನ ಬಡಿತ, ಅದೆಲ್ಲವನ್ನೂ ಸೀಳಿಕೊಂಡು ಬರುತ್ತಿದ್ದ ಒಂದು ಹೆಣ್ಣುದನಿ. “ಚಾವಿ ಕೊಡಲಿಲ್ಲಲ್ಲೋ ನನ್ನ ರಾಜಾ… ಬಾಗಿಲಾ ತಗೀಲಿಲ್ಲಲ್ಲೋ ನಿನ್ನ ಹಡದಾಕಿ…” ಅವಳದೇ ದನಿ! ಒಂದೂವರೆ ವರ್ಷದ ಹಿಂದೆ, ಇದೇ ಪಡಸಾಲೆಯಲ್ಲಿ, ಹಣೆತುಂಬ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡ ಸದಾಶಿವನ ಹೆಣದ ಮುಂದೆ ಅವಳು ಹಾಡಿಕೊಂಡು ಅತ್ತ ಅಳು! ಅದು ಈಗ ತಾಳಕ್ಕೆ ಬಿದ್ದು, ಯಾರೋ ಹೊರಗಿನವನ ಮುಂದೆ ಕುಣಿಯುತ್ತಿತ್ತು.

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಗೀತಾ ಬಾಗಿಲಿಗೆ ಬಂದಳು. ಕ್ಯಾಮೆರಾ ಹೂಡಿಕೊಂಡು ಕೂತಿದ್ದವನು ಶಿರಸಿಯ ಶಶಾಂಕ. ಹಾಡುಗಳ ಹಿಂದಿನ ಕಥೆಗಳನ್ನು ಹಾಡಿದವರ ಬಾಯಿಂದಲೇ ಹೇಳಿಸಿ ಯೂಟ್ಯೂಬಿಗೆ ಹಾಕುವುದು ಅವನ ಕೆಲಸ.

“ಇದು ಯಾರ ವಾಯ್ಸು ಮಾರಾಯಾ? ಮೈಯೆಲ್ಲ ಜುಮ್ ಅಂತು ನಂಗೆ!” ಎಂದ ಶಶಾಂಕ.

ವಿನೋದ ಉತ್ತರ ಕೊಡುವ ಮೊದಲೇ ದೇವರ ಕೋಣೆಯ ಬಾಗಿಲು ದಢಾರನೆ ತೆರೆಯಿತು. ಅತ್ತೆ ಗುರುಶಾಂತವ್ವ!

“ಬಂದ್ ಮಾಡೋ ವಿನ್ಯಾ! ಬಂದ್ ಮಾಡಂದ್ನೆಲ್ಲೋ!”

ಸ್ಪೀಕರ್ ಆರಿತು. ಮೂವರೂ ಒಬ್ಬರನ್ನೊಬ್ಬರು ನೋಡಲಾರದೆ ನಿಂತರು. ಶಶಾಂಕ ಮಾತ್ರ, ತಾನೇನು ತಪ್ಪು ಮಾಡಿದೆನೋ ಎಂದು ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡುತ್ತಿದ್ದ.

ಬನವಾಸಿ ಸೀಮೆಯ ಈ ಓಣಿಯ ಹೆಣ್ಣುಮಕ್ಕಳು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವನ ಗುಣ, ಅವನು ಉಟ್ಟದ್ದು, ಉಂಡದ್ದು, ಯಾರು ಅವನಿಗೆ ಏನು ಮಾಡಿದರು, ಏನು ಮಾಡಲಿಲ್ಲ… ಎಲ್ಲ ಆ ರಾಗದಲ್ಲಿ ಹೊರಬೀಳುತ್ತದೆ. ಹಾಗೆ ಅತ್ತ ಮಾತನ್ನು ಯಾರೂ ಎತ್ತಿ ಆಡುವಂತಿಲ್ಲ. ಅದು ಮಣ್ಣಿನೊಂದಿಗೆ ಹೋಯಿತೆಂದೇ ಲೆಕ್ಕ. ಆವತ್ತು ಗೀತಾ ಇಡೀ ಓಣಿಯ ಮುಂದೆ ಅತ್ತೆಯ ಮೇಲೆ ಹಾಡಿ ಅತ್ತಿದ್ದಳು. ಬೆಳಿಗ್ಗೆ ಆರೂಕಾಲಿಗೆ ಸದಾಶಿವ ಎದೆ ಹಿಡಿದುಕೊಂಡು ಕುಸಿದಾಗ ಅವಳು ಓಡಿದ್ದು ದೇವರ ಕೋಣೆಗೆ. ಕಾರು ನಿಲ್ಲುತ್ತಿದ್ದದ್ದು ಮುಖ್ಯರಸ್ತೆಯ ತಮ್ಮ ಗೊಬ್ಬರದಂಗಡಿಯ ಗೋಡೌನಿನಲ್ಲಿ, ಕಾರಿನ ಚಾವಿ ಇರುತ್ತಿದ್ದದ್ದು ಅತ್ತೆಯ ಸೊಂಟದಲ್ಲಿ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದ ಅತ್ತೆ, “ತಡಿ, ಪೂಜಿ ಮುಗೀಲಿ” ಎಂದಿದ್ದರು. ಮತ್ತೆ ಬಡಿದರೆ, “ಗ್ಯಾಸ್ ಆಗಿರ್ತೈತಿ, ಜೀರಿಗಿ ನೀರು ಕುಡಸು” ಎಂದಿದ್ದರು. ಇಪ್ಪತ್ತೈದು ನಿಮಿಷ! ಮನೆಯದೇ ಕಾರಿರುವಾಗ, ಓಡಿಸಲು ತನಗೂ ಬರುವಾಗ ಬೇರೆಯವರನ್ನೇಕೆ ಕೂಗಲಿ ಎಂದು ಅವಳು ಆ ಬಾಗಿಲ ಮುಂದೆಯೇ ಬಡಿಯುತ್ತ ನಿಂತುಬಿಟ್ಟಳು. ಕೊನೆಗೆ ಪಕ್ಕದ ಮನೆಯ ಸಂಗಯ್ಯನ ಅನಾನಸ್ ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟರೆ, ಶಿರಸಿ ಇನ್ನೂ ಆರು ಕಿಲೋಮೀಟರ್ ಇರುವಾಗ ಸದಾಶಿವ ಅವಳ ತೊಡೆಯ ಮೇಲೆ ಉಸಿರು ಬಿಟ್ಟ.

ಮಗನಿಗಿಂತ ಪೂಜೆ ಹೆಚ್ಚಾಯಿತೇ ಆ ತಾಯಿಗೆ? ಕಟ್ಟಳೆ ಮರೆತು ಓಣಿಯೆಲ್ಲ ಥೂ ಎಂದಿತು. ಗುರುಶಾಂತವ್ವ ಮಾತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತವರು ಒಂದೇ ಒಂದು ಮಾತಿಗೂ ಎದುರಾಡಲಿಲ್ಲ. ಹೇಳಿ, ಯಾವ ಅತ್ತೆ ಹಾಗಿರುತ್ತಾಳೆ? ತಪ್ಪಿತಸ್ಥೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡಳು ಗೀತಾ. ಅಂದಿನಿಂದ ಇಬ್ಬರೂ ಒಂದೇ ಒಲೆಯ ಅನ್ನ ಉಂಡರು, ಆದರೆ “ಊಟಾ ಆತು”, “ಹಾಲು ಬಂತು” ಎನ್ನುವುದನ್ನು ಬಿಟ್ಟು ಮೂರನೆಯ ಮಾತು ಆಡಿದ್ದಿಲ್ಲ.

“ವೈನಿ…” ವಿನೋದ ತಲೆತಗ್ಗಿಸಿ ಒಂದು ಕಾಗದ ಚಾಚಿದ. “ನನ್ನ ಮೂರನೇ ಸಿಂಗಲ್ ಹಾಡು ಐತಲ್ರೀ, ‘ಚಾವಿ’, ನಾಳೆ ಹತ್ತಕ್ಕ ಬಿಡುಗಡಿ. ಆವತ್ತು ಶೂಟಿಂಗಿನಿಂದ ನೇರ ಬಂದಿದ್ದೆ, ರೆಕಾರ್ಡರು ಕೊರಳಾಗ ಹಾಂಗ ಚಾಲೂ ಇತ್ತು. ದನಿ ಯಾರದೈತೋ ಅವರ ಸಹಿ ಬೇಕು ಅಂತಾರ ಕಂಪನಿಯವರು.”

ಎಂಥ ಹೇಡಿ! ಹೊರಗಿನವನೊಬ್ಬ ಕೂತಿರುವಾಗ ಮನೆಯವರು ಕೂಗಾಡಲಾರರು ಎಂದೇ ಇವತ್ತಿನವರೆಗೆ ತಡೆದು, ಈಗ ಕಾಗದ ತೆಗೆದಿದ್ದ. ಅದು ಗೀತಾಳಿಗೆ ತಿಳಿಯದೇ ಇರಲಿಲ್ಲ.

“ಕೊಡಬ್ಯಾಡ ಗೀತಾ,” ಎಂದರು ಗುರುಶಾಂತವ್ವ. “ನಿನ್ನ ದನಿ ಅದು. ಒಲ್ಲೆ ಅಂದ್ಬಿಡು, ಮುಗೀತು.”

ಒಂದೂವರೆ ವರ್ಷದಿಂದ ಬೂದಿ ಮುಚ್ಚಿದ್ದ ಬೆಂಕಿ ಭಗ್ಗೆಂದಿತು. ಇವರು, ಇವರು ತನ್ನನ್ನು ಬೇಡಿಕೊಳ್ಳುತ್ತಿದ್ದಾರೆ!

“ಯಾಕ ಒಲ್ಲೆ ಅನ್ಲಿ ಅತ್ತಿ? ನಾ ಅತ್ತದ್ದು ಸುಳ್ಳೇನ್ರಿ?”

“ಸುಳ್ಳಲ್ಲವಾ… ಆದ್ರ ಹೆಣದ ಮುಂದಿನ ಮಾತು. ಅದನ್ನ ಜಗತ್ತಿಗೆ ಕೇಳಸ್ತಾರೇನು?”

“ಕೇಳ್ಲಿ! ಎಲ್ಲಾರೂ ಕೇಳ್ಲಿ! ನಾ ಆ ಬಾಗಿಲಾ ಬಡದದ್ದು ನಿಮಗೊಬ್ಬರಿಗೆ ಕೇಳ್ಸಲಿಲ್ಲ, ಊರಿಗಾದ್ರೂ ಕೇಳ್ಸಲಿ!” ಗೀತಾ ವಿನೋದನ ಕೈಯಿಂದ ಪೆನ್ನು ಕಸಿದುಕೊಂಡಳು.

ಆಗ ಗುರುಶಾಂತವ್ವ ಮಾಡಿದ್ದನ್ನು ಗೀತಾ ಕನಸಿನಲ್ಲೂ ನೆನೆಸಿರಲಿಲ್ಲ. ಎಪ್ಪತ್ತರ ಆ ಹೆಂಗಸು, ಮೊಣಕಾಲು ನೋವಿನವರು, ನೆಲಕ್ಕೆ ಕೂತು ಸೊಸೆಯ ಎರಡೂ ಕಾಲು ಹಿಡಿದುಕೊಂಡರು. “ನನ್ನ ಮನಿ ಬಿಡಸು, ಹೊಕ್ಕೀನಿ. ಊಟಾ ಹಾಕಬ್ಯಾಡ, ಉಪಾಸ ಬೀಳ್ತೀನಿ. ಈ ಹಾಡೊಂದು ಬ್ಯಾಡ ನನ್ನವ್ವಾ… ನಿನ್ನ ಕಾಲಿಗೆ ಬೀಳ್ತೀನಿ…!”

“ಬಿಡ್ರಿ ಅತ್ತಿ! ನನಗ ಪಾಪಾ ಸುತ್ಕೊಳ್ತೈತಿ, ಬಿಡ್ರಿ!” ಗೀತಾ ಕಾಲು ಬಿಡಿಸಿಕೊಂಡು ಹಿಂದೆ ಸರಿದಳು. ಕಣ್ಣೀರು ಬಂತು, ಆದರೆ ಪೆನ್ನು ಬಿಡಲಿಲ್ಲ.

ಪಾಪ, ಶಶಾಂಕ. ಎದ್ದು ಹೋಗಲೂ ಆಗದೆ, ಕೂರಲೂ ಆಗದೆ, ವಾತಾವರಣ ತುಸು ತಿಳಿಯಾಗಲಿ ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟ. “ಅಲ್ಲ ವಿನೋದ, ಇದನ್ನ ಆಮೇಲೆ ನೋಡೋಣ. ಮೊದಲನೇ ಹಾಡಿನ ಕಥೆ ಚಂದ ಹೇಳಿದ್ಯಲ್ಲ, ಅಣ್ಣ ಅಂಗಡಿ ತಕ್ಕಡಿ ಮುಂದೆ ನಿಂತು ಬೈದಿದ್ದನ್ನೇ ಬರ್ಕೊಂಡೆ, ಆಮೇಲೆ ಅದನ್ನೇ ಅವರು ದಿನವಿಡೀ ಗಿರಾಕಿಗಳಿಗೆಲ್ಲ ಕೇಳಿಸ್ತಾ ಕೂತ್ರು ಅಂತ. ಎರಡನೇದರ ವಿಡಿಯೋ ಹೇಳು. ಯಲ್ಲಾಪುರದ ಕಾಡಿನ ರಸ್ತೆ, ಆಗಷ್ಟೇ ಹುಟ್ಟಿದ ಬಿಸಿಲು, ಬಿಳಿ ಕಾರು… ನೀನು ಗಾಡಿ ಓಡಿಸ್ತಾ ಇರ್ತೀಯ, ಫೋನ್ ಬರ್ತದೆ, ನೋಡಿ ಕಟ್ ಮಾಡಿ ಹಿಂದಿನ ಸೀಟಿಗೆ ಎಸೀತೀಯ. ಎಂತಾ ಶಾಟ್ ಅದು! ಎಲ್ಲರೂ ಅದನ್ನೇ ಕೇಳ್ತಾರೆ. ಮೊದ್ಲೇ ಪ್ಲಾನ್ ಮಾಡಿದ್ದಾ?”

“ವಿನ್ಯಾ!” ಗುರುಶಾಂತವ್ವ ನೆಲದಿಂದಲೇ ಚೀರಿದರು. “ಬಾಯಿ ಮುಚ್ಚು! ಒಂದ್ ಮಾತಾಡಿದ್ರ ನನ್ನ ಹೆಣಾ ನೋಡ್ತಿ!”

ಗೀತಾ ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ಮೈದುನನನ್ನು. ಆ ವಿಡಿಯೋವನ್ನು ಅವಳೂ ಹತ್ತು ಸಲ ನೋಡಿದ್ದಳು. ಅದರಲ್ಲಿರುವುದು ತಮ್ಮ ಮನೆಯ ಕಾರೇ. ಮೊದಲ ಹಾಡಿನ ಹೊತ್ತಿಗೆ ವಿನೋದ ಕಾರನ್ನು ಮರಕ್ಕೆ ಗುದ್ದಿಸಿದ ಮೇಲೆ ಇನ್ನು ಮುಟ್ಟಕೂಡದೆಂದು ಸದಾಶಿವ ಕಟ್ಟಪ್ಪಣೆ ಮಾಡಿದ್ದ. ಅದಕ್ಕೂ ಮೊದಲೇ ಎಂದೋ ತೆಗೆದದ್ದಿರಬೇಕು ಎಂದುಕೊಂಡಿದ್ದಳು.

“ಯಾವಾಗ ತಗದಿದ್ದು ಅದು?” ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ವಿನೋದ ಸ್ಪೀಕರಿನತ್ತ ಕೈ ತೋರಿಸಿದ. “ಈ ಹಾಡಿನ ಕೊನೀ ನುಡಿ ಕೇಳ್ರಿ ವೈನಿ. ಎಲ್ಲಾ ಅದರಾಗ ಹೇಳೀನಿ. ಬಾಯಿಲೆ ಹೇಳಾಕ ಆಗಂಗಿಲ್ಲ ನನಗ…”

“ಹಾಡು ಬ್ಯಾಡ. ಬಾಯಿಲೆ ಹೇಳು.”

“ವೈನಿ…”

“ಹೇಳಂದೆ!”

ಅವನು ಹೇಳಿದ. ಗೋಡೆಗೆ ಬೆನ್ನುಕೊಟ್ಟು, ಅಣ್ಣನನ್ನು ಕೂಡಿಸಿದ್ದ ಅದೇ ಗೋಡೆಗೆ, ಜಾರಿ ಕೂತು ಹೇಳಿದ. “ಆವತ್ತೇ ತಗದಿದ್ದು ವೈನಿ. ಅವ್ವನ್ನ ಕಾಡಿ ಬೇಡಿ ನಸುಕಿನ್ಯಾಗ ಚಾವಿ ಇಸ್ಕೊಂಡೆ. ಇಲ್ಲೇ ವರದಾ ಹೊಳಿತನಕ ಅಂತ ಸುಳ್ಳು ಹೇಳಿದೆ. ಹೋಗಿದ್ದು ಯಲ್ಲಾಪುರಕ್ಕ. ಡ್ರಮ್ಮು ಬಡಿಯೂ ನಿಹಾಲ್ ಬಾಜೂ ಸೀಟಿನಾಗ ಕ್ಯಾಮೆರಾ ಹಿಡದಿದ್ದ. ಬಿಸಲು ಭಾರಿ ಚೊಲೋ ಬಿದ್ದಿತ್ತು. ಅವ್ವನ ಫೋನ್ ಬಂತು. ಶಾಟ್ ಕೆಡ್ತೈತಿ ಅಂತ ಕಟ್ ಮಾಡಿ ಒಗದೆ. ಆಮ್ಯಾಲಿನ ಎಂಟು ಫೋನು ಹಿಂದಿನ ಸೀಟಿನ್ಯಾಗ ಬಡ್ಕೊಂಡು ಬಡ್ಕೊಂಡು ಸುಮ್ಮನಾದ್ವು… ಇಲ್ಲಿ ಅಣ್ಣ ಹೋಗಿದ್ದ. ಕಾರು ಗೋಡೌನಿಗೆ ಬಿಟ್ಟು ಒಳಗ ಬಂದೆ. ನೀವು ಅವ್ವನ ಮ್ಯಾಲೆ ಹಾಡಿ ಅಳಾಕತ್ತಿದ್ರಿ. ನಾ… ನಾ ಸುಮ್ಮನ ನಿಂತೆ. ಸಿದ್ದಾಪುರದ ಎಡಿಟರಿಗೆ ಏನೂ ಗೊತ್ತಿಲ್ಲ, ಚಂದ ಕಾಣ್ತೈತಿ ಅಂತ ಅದ ಶಾಟ್ ಇಟ್ಟ. ನಾ ನೋಡೂದ್ರಾಗ ಎರಡು ಲಕ್ಷ ಮಂದಿ ನೋಡಿದ್ರು. ಆಗಾದ್ರೂ ತಗೀಬೇಕಿತ್ತು. ತಗೀಲಿಲ್ಲ…”

ಪೆನ್ನು ಗೀತಾಳ ಕೈಯಿಂದ ಬಿತ್ತು.

ಪೂಜೆಯಲ್ಲ! ಮುಚ್ಚಿದ ಆ ಬಾಗಿಲ ಹಿಂದೆ ನಡೆದದ್ದು ಪೂಜೆಯೇ ಅಲ್ಲ! ಹೊರಗೆ ಸೊಸೆ ಬಾಗಿಲು ಬಡಿಯುತ್ತಿದ್ದರೆ, ಒಳಗೆ ಆ ತಾಯಿ ಒಂಬತ್ತು ಸಲ ಕಿರಿಯ ಮಗನಿಗೆ ಫೋನ್ ಹಚ್ಚುತ್ತ ನಿಂತಿದ್ದಳು. ಹೊಳೆಯ ಹತ್ತಿರ ಇದ್ದಾನೆ, ಎತ್ತಿದರೆ ಹತ್ತು ನಿಮಿಷದಲ್ಲಿ ಬಂದಾನು, ಅಣ್ಣತಮ್ಮಂದಿರ ಜಗಳವೂ ತಪ್ಪೀತು, ಎದೆನೋವೂ ಗ್ಯಾಸೇ ಆಗಿದ್ದೀತು ಎಂಬ ಹುಚ್ಚು ಆಸೆಯಲ್ಲಿ…

ಗೀತಾ ನೆಲಕ್ಕೆ ಕುಸಿದು ಅತ್ತೆಯ ಎದುರು ಕೂತಳು. “ಅತ್ತಿ… ಕಾರಿಲ್ಲ ಅಂತ ಒಂದ ಮಾತು ಅಂದಿದ್ರ ನಾ ಸಂಗಯ್ಯನ್ನ ಆಗಳೇ ಕರೀತಿದ್ದೆನಲ್ರೀ…!”

“ಹೌದವಾ.” ಗುರುಶಾಂತವ್ವ ತಲೆಯೆತ್ತಲಿಲ್ಲ. “ಅದಕ್ಕ ನೀ ಅತ್ತದ್ದು ಸುಳ್ಳಲ್ಲ ಅಂದೆ. ನನ್ನ ತಪ್ಪು ನನ್ನದ ಐತಿ. ಅದನ್ನ ನಾ ಯಾರ ಮ್ಯಾಲೂ ಹಾಕಂಗಿಲ್ಲ.”

“ಓಣಿ ಮಂದಿ ನಿಮ್ಮ ಮಾರಿಗೆ ಉಗುಳಿದ್ರು. ಆವಾಗ್ಲಾದ್ರೂ ಯಾಕ ಹೇಳ್ಲಿಲ್ರಿ?”

“ಹ್ಯಾಂಗ ಹೇಳ್ಲಿ? ಒಬ್ಬವ ಗ್ವಾಡಿಗೆ ಕುಂತಿದ್ದ. ಇನ್ನೊಬ್ಬವ ಹಿತ್ತಲದಾಗ ಬಾವಿಕಟ್ಟಿ ಮ್ಯಾಲೆ ನಿಂತಿದ್ದ. ನಾ ಕಣ್ಣಾರೆ ನೋಡಿನಿ. ಅವನ ಹೆಸರು ಒಮ್ಮಿ ಬಾಯಾಗಿಂದ ಬಿದ್ದಿದ್ರ ಎರಡು ಹೆಣಾ ಆಗ್ತಿದ್ವು ಗೀತಾ.” ಅವರು ಉಸಿರೆಳೆದುಕೊಂಡರು. “ಅದಕ್ಕ ನಾ ಅಳಲೇ ಇಲ್ಲ. ಹಾಡಿ ಅಳೂವಾಗ ಸುಳ್ಳು ಬರಂಗಿಲ್ಲವಾ. ಬಾಯಿ ತಗದ್ರ ಖರೇನ ಬರ್ತಿತ್ತು. ಹಡದ ಮಗ… ನಲವತ್ತೊಂದು ವರ್ಷ ಸಾಕಿದ ಮಗಗ ಒಂದ್ ನುಡಿ ಅಳಾಕ ಆಗಲಿಲ್ಲ ನನಗ…!”

ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ ಆ ಮುಖವನ್ನು ಒಂದೂವರೆ ವರ್ಷದಿಂದ ಕಲ್ಲುಮುಖವೆಂದು ಶಪಿಸಿದ್ದಳಲ್ಲ ತಾನು! ಸಿಟ್ಟು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಇಪ್ಪತ್ತೈದು ನಿಮಿಷಗಳು ಯಾರು ಏನೇ ಹೇಳಿದರೂ ತಿರುಗಿ ಬರುವಂಥವಲ್ಲ. ಆದರೆ ಆ ಸಿಟ್ಟು ಈಗ ಒಬ್ಬರ ಮೇಲೆಯೇ ಹೊರಿಸಿ ನಿಶ್ಚಿಂತೆಯಿಂದ ಇರುವಷ್ಟು ಸಲೀಸಾಗಿ ಉಳಿದಿರಲಿಲ್ಲ.

ಅವಳು ಕಾಗದವನ್ನು ಮಡಚಿ ವಿನೋದನ ಮುಂದಿಟ್ಟಳು. ಸಹಿ ಇರಲಿಲ್ಲ.

“ನನ್ನ ಅಳು ನಿನಗ ಕೊಡಂಗಿಲ್ಲ ವಿನೋದ. ಅದು ನನ್ನ ಗಂಡಗ ಅತ್ತದ್ದು. ನಿನ್ನ ಮಾತು ನಿನ್ನ ದನಿಯಾಗ ಹಾಡು, ಯಾರು ಬ್ಯಾಡ ಅಂತಾರ? ಆದ್ರ ಮೊದಲು ಈ ಓಣಿಗೆ ಬಾಯಿಲೆ ಹೇಳಬೇಕು. ನಿಮ್ಮವ್ವ ಹೊತ್ತ ಕೆಟ್ಟ ಹೆಸರನ್ನ ಇಳಿಸಬೇಕು.”

“ನಿಮ್ಮ ದನಿ ಇಲ್ದಿದ್ರ ಕಂಪನಿಯವರು ಹಾಡು ತಗೊಳ್ಳಂಗಿಲ್ರೀ…”

“ತಗೊಳ್ಳದಿದ್ರ ಬಿಡ್ಲಿ.”

“ಆ ಎರಡನೇ ವಿಡಿಯೋನೂ ತಗೀತೀನಿ ವೈನಿ,” ಎಂದ ಅವನು. ಫೋನ್ ತೆಗೆದು ಅಲ್ಲೇ ಕೂತು ಅಳಿಸಿದ. ಅವನಿಗೆ ಹೆಸರು ತಂದುಕೊಟ್ಟಿದ್ದದ್ದು ಅದೊಂದೇ. ಶಶಾಂಕ ಸದ್ದಿಲ್ಲದೆ ಇಷ್ಟನ್ನೂ ಸೆರೆಹಿಡಿದಿದ್ದ ತನ್ನ ಕ್ಯಾಮೆರಾದ ಮೆಮೊರಿ ಕಾರ್ಡು ಹೊರತೆಗೆದು ಟೀಪಾಯಿಯ ಮೇಲಿಟ್ಟು, ಎಲ್ಲರಿಗೂ ಕೈಮುಗಿದು ಹೊರಟುಹೋದ.

ಗುರುಶಾಂತವ್ವ ಕೂತಲ್ಲೇ ಕೂತಿದ್ದರು. ಗೀತಾ ಹತ್ತಿರ ಸರಿದು, ಅವರ ಭುಜಕ್ಕೆ ಭುಜ ತಾಗಿಸಿ ಕೂತು, ಮೆಲ್ಲಗೆ ರಾಗ ಎತ್ತಿದಳು. ತನ್ನದಲ್ಲ, ತಾಯಿಯಾದವಳು ಎತ್ತಬೇಕಾದ ನುಡಿ. “ನನ್ನಪ್ಪಾ ಸದಾಶಿವಾ… ನನ ತೊಡಿಯ ಮ್ಯಾಲೆ ಆಡಿದವನಽ…”

ಅತ್ತೆ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು. ಗೀತಾ ಬಿಡಲಿಲ್ಲ, ಮತ್ತೊಮ್ಮೆ ಎತ್ತಿದಳು. ಮೂರನೆಯ ಸಲಕ್ಕೆ ಗುರುಶಾಂತವ್ವನ ಬಾಯಿ ತೆರೆಯಿತು. ಅಯ್ಯೋ, ಎಂಥ ಅಳು ಅದು! “ಚಾವಿ ಇರಲಿಲ್ಲೋ ನನ್ನ ಮಗನಽ… ನಾನಽ ಕೊಟ್ಟು ಕಳಸಿದ್ದೆನೋ…! ಬಾಗಿಲಾ ಹಾಕ್ಕೊಂಡು ನಿಂತಿದ್ದೆನೋ…! ಫೋನಾ ಹಚ್ಚಿದ್ದೆನೋ ತಮ್ಮಗಽ…!”

ಅಳು ಕೇಳಿದರೆ ಮನೆಯಲ್ಲಿ ಕೂರುವ ಓಣಿಯಲ್ಲ ಅದು. ರೊಟ್ಟಿ ಬಡಿಯುತ್ತಿದ್ದ ಚೌಡಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳ ಹಿಂದೆ ಸಂಗಯ್ಯನ ಹೆಂಡತಿ, ಅವಳ ಹಿಂದೆ ಮತ್ತೆ ನಾಲ್ವರು. ಬಾಗಿಲಲ್ಲಿ ತಡವರಿಸಿ ನಿಂತರು.

“ಯಾರು ಹೋದ್ರವ್ವಾ? ಏನಾತು?”

ವಿನೋದ ಎದ್ದು, ಎಲ್ಲವನ್ನೂ ಬಾಯಿಬಿಟ್ಟು ಹೇಳಲೆಂದು ಅವರ ಮುಂದೆ ಹೋಗಿ ನಿಂತ. ಗೀತಾ ಅತ್ತೆಯ ಬೆನ್ನಿನ ಮೇಲಿನ ಕೈ ತೆಗೆಯದೆ ತಲೆಯೆತ್ತಿದಳು.

“ಯಾರೂ ಹೋಗಿಲ್ಲ ಚೌಡಮ್ಮಾ. ನಮ್ಮತ್ತಿ ಮಗಗ ಅಳಾಕತ್ತಾರ. ಕೂಡ್ರಿ.”

ಅವರು ಕೂತರು.